ಸೂಜಿ ಹಿಡಿದವಳ ಮೇಲೆ ಹೊರಿಸಿದ ತಪ್ಪು

2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣ. ಮಂಗಳೂರು, ಕಾಸರಗೋಡು, ಕೊಡಗಿನ ಕಡೆ ಸೂರ್ಯ ಬಳೆಯ ಹಾಗೆ ಕಂಡ. ನಮ್ಮ ಕಳಸ, ಮೂಡಿಗೆರೆ ಕಡೆ ಬಳೆ ಕೂಡಲಿಲ್ಲ. ಸವೆದ ಕುಡುಗೋಲಿನಷ್ಟು ಸೂರ್ಯ ಉಳಿದು ತೋಟದೊಳಗೆ ಹೊತ್ತಲ್ಲದ ಹೊತ್ತಿನಲ್ಲಿ ಮಬ್ಬು ಕವಿಯಿತು. ಕಾಫಿ ಕೊಯ್ಲಿನ ಕಾಲ. ಆಳುಗಳೂ ಗ್ರಹಣ ಬಿಡುವ ತನಕ ತೋಟಕ್ಕೆ ಇಳಿಯಲಿಲ್ಲ. ನನ್ನ ದೊಡ್ಡಮ್ಮನ ಮಗಳು, ಅಂದರೆ ನನ್ನ ಅಕ್ಕ, ಆಗ ಗಂಡನ ಮನೆಯಲ್ಲಿದ್ದಳು. ನಾಲ್ಕು ತಿಂಗಳ ಬಸುರಿ. ಹೊರಗೆ ಕಾಲಿಡಬೇಡ ಅಂದಿದ್ದಕ್ಕೆ ಒಳಗೇ ಕೂತಳು. ಸುಮ್ಮನೆ ಕೂರುವ ಜೀವವಲ್ಲ ಅದು. ಹರಿದ ಕೊಯ್ಲು ಚೀಲವೊಂದನ್ನು ಎಳೆದುಕೊಂಡು ನಾಲ್ಕು ಹೊಲಿಗೆ ಹಾಕಿದಳು. ಅತ್ತೆ ಅದನ್ನು ನೋಡಿದರು. ಆಗ ಏನೂ ಅನ್ನಲಿಲ್ಲ.

2020ರ ಜೂನ್ ಎರಡನೇ ವಾರ ಅಕ್ಕನಿಗೆ ಹೆಣ್ಣುಮಗು ಹುಟ್ಟಿತು. ಹಣೆ ಎತ್ತರಕ್ಕೆ ನೆಟ್ಟಗೆ ನಿಂತಿತ್ತು, ಕಣ್ಣು ಮುಂದಕ್ಕೆ ಬಂದಿತ್ತು, ಕಣ್ಣಿನ ಕೆಳಗಿನ ಮುಖ ಒಳಕ್ಕೆ ಸರಿದಿತ್ತು. ಎರಡು ಕೈಗಳಲ್ಲೂ ಬೆರಳುಗಳು ಒಂದಕ್ಕೊಂದು ಸೇರಿಕೊಂಡು ಪುಟ್ಟ ಚಿಪ್ಪಿನ ಹಾಗಿದ್ದವು, ಕಾಲ್ಬೆರಳುಗಳೂ ಹಾಗೇ. ಮಗು ನೋಡಲು ಬಂದ ಅತ್ತೆ ಆ ಕೈ ಹಿಡಿದು ನೋಡಿ ಮೊದಲು ಆಡಿದ ಮಾತು: “ಹೊಲಿದ ಹಾಗೇ ಇದೆಯಲ್ಲ! ಅವತ್ತೇ ಕಂಡಿದ್ದೆ ನಾನು. ಗ್ರಹಣದ ಹೊತ್ತಲ್ಲಿ ಸೂಜಿ ಹಿಡ್ಕೊಂಡು ಕೂತಿದ್ದಳು.”

ಆ ಮಗುವಿನ ಬಗ್ಗೆ ಯಾರಾದರೂ ಮಾಡಿದ ಮೊದಲ ರೋಗನಿದಾನ ಇದು. ಮುಂದಿನ ನಾಲ್ಕು ತಿಂಗಳು ಇದೇ ನಿಂತಿತು. ಅದನ್ನು ಅಳಿಸಲು ಬೇಕಾದ ಇನ್ನೊಂದು ರೋಗನಿದಾನ ಯಾರ ಕೈಯಲ್ಲೂ ಇರಲಿಲ್ಲ, ಇದ್ದವರು ಕೊಡಲಿಲ್ಲ. ಅಕ್ಕನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ, ಉಳಿದದ್ದೆಲ್ಲ ಬರಿ ಅಂದಿದ್ದಾಳೆ. ನಾನೀಗ ಜೀವವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿರುವ ಸಂಶೋಧನಾ ವಿದ್ಯಾರ್ಥಿನಿ. ಆಗ ಎಂಎಸ್ಸಿಯಲ್ಲಿದ್ದೆ, ಲಾಕ್‌ಡೌನಿನಿಂದಾಗಿ ಊರಿಗೆ ಬಂದು ನೆಟ್‌ವರ್ಕ್ ಸಿಗುವ ಗುಡ್ಡದ ಮೇಲೆ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದೆ. ಅದರಲ್ಲಿ ತಳಿಶಾಸ್ತ್ರದ ಪಾಠವೂ ಇತ್ತು. ಆದರೂ ಗುಡ್ಡದ ಕೆಳಗಿನ ಮನೆಯಲ್ಲಿ ಮಲಗಿದ್ದ ಮಗುವಿಗೂ ನನ್ನ ನೋಟ್ಸಿಗೂ ಸಂಬಂಧವಿದೆ ಎಂದು ಹೊಳೆಯಲು ನನಗೆ ತಿಂಗಳುಗಳೇ ಬೇಕಾದವು. ಹಾಗಾಗಿ ಈ ಜಗಳದಲ್ಲಿ ನಾನೂ ಆರೋಪಿಗಳ ಸಾಲಿನಲ್ಲೇ ನಿಂತಿದ್ದೇನೆ.

ಹೆರಿಗೆಯಾದ ಆಸ್ಪತ್ರೆಯಲ್ಲಿ ಕೊಟ್ಟ ಚೀಟಿಯಲ್ಲಿ ಇಂಗ್ಲಿಷಿನ ಒಂದು ಸಾಲು ಇತ್ತು. ಹುಟ್ಟಿನಿಂದಲೇ ಬಂದ ಹಲವು ನ್ಯೂನತೆಗಳು ಎಂದು ಅದರ ಅರ್ಥ. ಬಾಯಲ್ಲಿ ಹೇಳಿದ್ದು, “ದೊಡ್ಡಾಸ್ಪತ್ರೆಗೆ ತೋರಿಸಿ.” ಯಾವ ದೊಡ್ಡಾಸ್ಪತ್ರೆ, ಯಾವ ವಿಭಾಗ, ಎಷ್ಟು ದಿನದೊಳಗೆ, ತೋರಿಸದಿದ್ದರೆ ಏನಾಗುತ್ತದೆ, ಒಂದೂ ಹೇಳಲಿಲ್ಲ. ಕೊರೋನಾದ ಆ ದಿನಗಳಲ್ಲಿ ವೈದ್ಯರು ಎಷ್ಟು ಸುಸ್ತಾಗಿದ್ದರು ಎಂದು ಗೊತ್ತಿದೆ, ಅವರನ್ನು ರಾಕ್ಷಸರೆನ್ನುವ ಮನಸ್ಸಿಲ್ಲ. ಆದರೆ ಖಾಲಿ ಬಿಟ್ಟ ಆ ಜಾಗದಲ್ಲಿ ಏನು ತುಂಬಿಕೊಳ್ಳುತ್ತದೆ ಎಂದು ಅವರು ಒಂದು ಕ್ಷಣ ಯೋಚಿಸಬೇಕಿತ್ತು. ನಮ್ಮ ಮನೆಯಲ್ಲಿ ಅದಕ್ಕೆ ಸೂಜಿ ತುಂಬಿಕೊಂಡಿತು. ಮಗು ಹುಟ್ಟಿದ ಮರುವಾರ, ಜೂನ್ 21ಕ್ಕೆ, ಇನ್ನೊಂದು ಸೂರ್ಯಗ್ರಹಣ ಬಂತು. ಅವತ್ತು ಬಾಣಂತಿಯನ್ನೂ ಮಗುವನ್ನೂ ಕಿಟಕಿಗೆಲ್ಲ ಕಂಬಳಿ ಕಟ್ಟಿದ ಕೋಣೆಯಲ್ಲಿ ಕೂರಿಸಿದರು. ಒಂದು ಸಲ ತಪ್ಪಿದವಳನ್ನು ಕಾಯುವ ಹಾಗೆ ಕಾದರು.

ನಿಜವಾದ ತಪಾಸಣೆ ಮಾಡಿದವರು ಒಬ್ಬರಿದ್ದರು. ಬಾಣಂತಿಗೆ, ಮಗುವಿಗೆ ನೀರು ಹಾಕಲು ಪಕ್ಕದ ತೋಟದ ಲೈನು ಮನೆಯಿಂದ ಒಬ್ಬ ಅಜ್ಜಿ ಬರುತ್ತಿದ್ದರು. ಎಣ್ಣೆ ಹಚ್ಚಿ, ಮೂಗು ತಿದ್ದಿ, ತಲೆ ತಿದ್ದಿ, ನೂರಾರು ಕೂಸುಗಳನ್ನು ಕಾಲ ಮೇಲೆ ಮಲಗಿಸಿಕೊಂಡವರು. ಮೂರನೇ ದಿನವೇ ಅವರು ಅಂದರು: “ಇದರ ತಲೆ ಬೇರೆ ಮಕ್ಕಳ ಹಾಗಿಲ್ಲ ಕಣವ್ವ. ಇಲ್ಲಿ ಅಡ್ಡಕ್ಕೆ ಏಣು ಸಿಗುತ್ತದೆ. ನಡುನೆತ್ತಿ ನೋಡಿದರೆ ಇಷ್ಟಗಲ ಬಿಟ್ಟುಕೊಂಡಿದೆ.”

ಹುಟ್ಟಿದ ಮಗುವಿನ ತಲೆಬುರುಡೆ ಒಂದೇ ಮೂಳೆಯಲ್ಲ. ಹಲವು ಮೂಳೆಗಳು, ಅವುಗಳ ನಡುವೆ ಸಂದುಗಳು. ಮಿದುಳು ಬೆಳೆದಂತೆ ಈ ಸಂದುಗಳಲ್ಲಿ ಬುರುಡೆಯೂ ಬೆಳೆಯುತ್ತದೆ. ಕಿವಿಯಿಂದ ಕಿವಿಗೆ ತಲೆಯ ಮೇಲಿಂದ ಹಾಯುವ ಸಂದು ಹೊಟ್ಟೆಯಲ್ಲಿದ್ದಾಗಲೇ ಬೆಸೆದುಕೊಂಡರೆ ತಲೆ ಹಿಂದೆ ಮುಂದೆ ಬೆಳೆಯಲಾರದೆ ಮೇಲಕ್ಕೆ ಏಳುತ್ತದೆ. ಬೆಸೆದ ಕಡೆ ಬೆರಳಿಗೆ ಏಣು ಸಿಗುತ್ತದೆ. ಅಜ್ಜಿಯ ಕೈಗೆ ಸಿಕ್ಕಿದ್ದು ಅದೇ. ಪಠ್ಯಪುಸ್ತಕದಲ್ಲಿ ಮಕ್ಕಳ ವೈದ್ಯರಿಗೆ ಕಲಿಸುವುದೂ ಇದನ್ನೇ: ಹುಟ್ಟಿದ ಮಗುವಿನ ತಲೆ ಮುಟ್ಟಿ ನೋಡು, ಅಂಗುಳ ನೋಡು, ಬೆರಳು ಎಣಿಸು. ಆದರೆ ಅಜ್ಜಿಯ ಮಾತಿಗೆ ನಮ್ಮ ಮನೆಯಲ್ಲಿ ಸಿಕ್ಕ ಉತ್ತರ, “ನೀನೇ ಎಲ್ಲೋ ತಪ್ಪು ಒತ್ತಿರಬೇಕು.” ಮರುದಿನದಿಂದ ಅವರನ್ನು ಬರಬೇಡಿ ಅಂದರು. ಸೂಜಿಯ ಜೊತೆ ಇನ್ನೊಂದು ಹೆಣ್ಣಿನ ಕೈಯೂ ಆರೋಪಿಯಾಯಿತು.

ಮಗು ಮಲಗಿದಾಗ ಗೊರಕೆ ಹೊಡೆಯುತ್ತಿತ್ತು. ಅಜ್ಜನ ಹಾಗೆ ಗೊರಕೆ ಹೊಡೀತದೆ ಎಂದು ನಾವೆಲ್ಲ ನಕ್ಕೆವು. ಮುಖದ ನಡುಭಾಗ ಒಳಕ್ಕಿದ್ದರಿಂದ ಉಸಿರಿನ ದಾರಿ ಇಕ್ಕಟ್ಟಾಗಿತ್ತು, ನಿದ್ದೆಯಲ್ಲಿ ಉಸಿರು ಕಟ್ಟುತ್ತಿತ್ತು, ನಕ್ಕಿದ್ದು ಅದಕ್ಕೆ. ಕಣ್ಣು ಪೂರ್ತಿ ಮುಚ್ಚದೆ ಮಲಗುತ್ತಿತ್ತು. ಏನೋ ಮೆಟ್ಟಿಕೊಂಡಿದೆ ಎಂದು ದಾರ ಕಟ್ಟಿದರು. ರಾತ್ರಿಯೆಲ್ಲ ತೆರೆದ ಕಣ್ಣಿನ ಪಾಪೆ ಒಣಗುತ್ತದೆ, ಅದಕ್ಕೆ ಬೇಕಾದ್ದು ಒಂದು ಮುಲಾಮು. ಹೆಸರು ಗೊತ್ತಿಲ್ಲದ ಕಾಯಿಲೆಯ ಪ್ರತಿಯೊಂದು ಲಕ್ಷಣಕ್ಕೂ ಮನೆಯಲ್ಲಿ ಬೇರೆ ಬೇರೆ ಕತೆ ಹುಟ್ಟಿತು. ಎಲ್ಲ ಕತೆಗಳೂ ಕೊನೆಗೆ ಅಕ್ಕನ ಹತ್ತಿರ ಬಂದು ನಿಲ್ಲುತ್ತಿದ್ದವು.

ನಾಲ್ಕನೇ ತಿಂಗಳಲ್ಲಿ ಒಂದು ರಾತ್ರಿ ಮಗುವಿನ ತುಟಿ ನೀಲಿಯಾಯಿತು. ಭಾವ ಜೀಪು ತೆಗೆದು ಕುದುರೆಮುಖ, ಕಾರ್ಕಳದ ದಾರಿಯಲ್ಲಿ ಘಟ್ಟ ಇಳಿಸಿದರು. ಕರಾವಳಿಯ ಆಸ್ಪತ್ರೆಯಲ್ಲಿ ಒಬ್ಬರು ಹಿರಿಯ ವೈದ್ಯರು ಮಗುವಿನ ಮುಖ ನೋಡಿದರು, ಆಮೇಲೆ ಕೈ ಬಿಡಿಸಿ ನೋಡಿದರು. ಹತ್ತು ನಿಮಿಷವೂ ಆಗಿರಲಿಲ್ಲ. “ಇದು ಎಪರ್ಟ್ ಸಿಂಡ್ರೋಮ್ ಇರಬೇಕು, ರಕ್ತಪರೀಕ್ಷೆಯಲ್ಲಿ ಖಚಿತ ಮಾಡೋಣ” ಅಂದರು. ಇಂಥದೇ ತಲೆ, ಇಂಥದೇ ಮುಖದ ಬೇರೆ ಕಾಯಿಲೆಗಳೂ ಇವೆ. ಕ್ರೂಝೋನ್ ಎಂಬುದರಲ್ಲಿ ಮುಖ ಹೀಗೇ ಇದ್ದರೂ ಕೈಬೆರಳು ಸರಿಯಿರುತ್ತವೆ. ಬೆರಳು ನೋಡಿದ್ದು ಅದಕ್ಕೆ. ಅತ್ತೆ ಮೊದಲ ದಿನ ನೋಡಿದ್ದೂ ಆ ಬೆರಳುಗಳನ್ನೇ. ಒಂದೇ ಸಾಕ್ಷಿ, ಎರಡು ತೀರ್ಪು.

ಈ ಕಾಯಿಲೆಯನ್ನು ಫ್ರಾನ್ಸಿನ ವೈದ್ಯ ಯೂಜೀನ್ ಎಪರ್ಟ್ ವಿವರಿಸಿದ್ದು 1906ರಲ್ಲಿ. ಸುಮಾರು 65 ಸಾವಿರದಿಂದ 88 ಸಾವಿರ ಜನನಗಳಿಗೆ ಒಂದರಂತೆ ಕಾಣಿಸಿಕೊಳ್ಳುತ್ತದೆ. 1995ರಲ್ಲಿ ಕಾರಣ ಸಿಕ್ಕಿತು: ಹತ್ತನೆಯ ಕ್ರೋಮೋಸೋಮಿನಲ್ಲಿರುವ ಎಫ್‌ಜಿಎಫ್‌ಆರ್2 ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ. ಹೆಚ್ಚುಕಡಿಮೆ ಎಲ್ಲ ರೋಗಿಗಳಲ್ಲೂ ಅಕ್ಕಪಕ್ಕದ ಎರಡು ಜಾಗಗಳಲ್ಲಿ ಒಂದು ಕೆಟ್ಟಿರುತ್ತದೆ. ಮೂಳೆಗೆ ಯಾವಾಗ ಗಟ್ಟಿಯಾಗಬೇಕು ಎಂದು ಹೇಳುವ ಸೂಚನೆ ಹೊತ್ತಿಗೆ ಮುಂಚೆಯೇ, ಜೋರಾಗಿಯೇ ಹೋಗಿಬಿಡುತ್ತದೆ.

ಈಗ ಸೂಜಿಯ ವಿಚಾರಣೆ ಮಾಡೋಣ. ಗರ್ಭದಲ್ಲಿ ಕೈ ಮೊದಲು ಹುಟ್ಟಿನ ಹಾಗೆ ಚಪ್ಪಟೆಯಾಗಿರುತ್ತದೆ. ಬೆರಳುಗಳ ನಡುವಿನ ಕೋಶಗಳು ಸತ್ತು ಬೆರಳು ಬಿಡಿಬಿಡಿಯಾಗುವುದು ಎಂಟನೇ ವಾರದ ಹೊತ್ತಿಗೆ ಮುಗಿಯುತ್ತದೆ. ಡಿಸೆಂಬರ್ 26ರಂದು ಅಕ್ಕನಿಗೆ ಮೂರು ತಿಂಗಳು ದಾಟಿತ್ತು. ಅವಳು ಸೂಜಿಗೆ ದಾರ ಪೋಣಿಸುವ ಹೊತ್ತಿಗೆ ಮಗುವಿನ ಬೆರಳುಗಳ ಹಣೆಬರಹ ಮುಗಿದು ವಾರಗಳಾಗಿದ್ದವು. ಇನ್ನೂ ಹಿಂದಕ್ಕೆ ಹೋದರೆ, ಆ ಅಕ್ಷರ ಬದಲಾದದ್ದು ಅವಳು ಬಸುರಿಯಾಗುವುದಕ್ಕೂ ಮುಂಚೆ. ಅದೂ ಅವಳ ಮೈಯಲ್ಲಿ ಅಲ್ಲ.

1996ರಲ್ಲಿ ಇಂಥ 57 ಮಕ್ಕಳನ್ನು ಪರೀಕ್ಷಿಸಿದ ಒಂದು ಅಧ್ಯಯನ ಪ್ರಕಟವಾಯಿತು. ತಂದೆತಾಯಿಗೆ ಕಾಯಿಲೆಯಿಲ್ಲದೆ ಹೊಸದಾಗಿ ಬದಲಾವಣೆ ಹುಟ್ಟಿದ ಮಕ್ಕಳು ಅವು. ಬದಲಾವಣೆ ಯಾರ ಕಡೆಯಿಂದ ಬಂತು ಎಂದು ನೋಡಿದರೆ 57ಕ್ಕೆ 57ರಲ್ಲೂ ತಂದೆಯ ಕಡೆಯಿಂದ. ವೀರ್ಯಾಣುಗಳು ತಯಾರಾಗುವಾಗ ಕೋಶಗಳು ಬದುಕಿಡೀ ನಕಲಾಗುತ್ತಲೇ ಇರುತ್ತವೆ. ಪ್ರತಿ ನಕಲಿನಲ್ಲೂ ಅಕ್ಷರ ತಪ್ಪಲು ಅವಕಾಶ. ಅದರ ಮೇಲೆ, ಈ ತಪ್ಪು ಹೊತ್ತ ಕೋಶಗಳು ಅಲ್ಲಿ ಪಕ್ಕದ ಕೋಶಗಳಿಗಿಂತ ಹೆಚ್ಚು ಹಬ್ಬುತ್ತವೆ ಎಂದು ನಂತರದ ಸಂಶೋಧನೆಗಳು ತೋರಿಸಿವೆ. ಹಾಗಾಗಿ ತಂದೆಯ ವಯಸ್ಸು ಏರಿದಷ್ಟೂ ಸಾಧ್ಯತೆ ಒಂಚೂರು ಏರುತ್ತದೆ. ಏರಿದ ಮೇಲೂ ಅದು ತೀರಾ ಚಿಕ್ಕದು, ಇದನ್ನು ಓದಿ ಯಾರೂ ಗಾಬರಿಯಾಗಬೇಕಿಲ್ಲ. ಮಲೆನಾಡಿನ ತೋಟದ ಮನೆಗಳಿಗೆ ಹೆಣ್ಣು ಸಿಗದೆ ಗಂಡುಮಕ್ಕಳ ಮದುವೆ ಮೂವತ್ತೈದು, ನಲವತ್ತಕ್ಕೆ ಹೋಗಿ ನಿಂತಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಮದುವೆಯಾಗುವಾಗ ಭಾವನಿಗೆ ಮೂವತ್ತೆಂಟು.

ಆಸ್ಪತ್ರೆಯಲ್ಲಿ ತಳಿಶಾಸ್ತ್ರದ ಸಲಹೆ ಕೊಡುವವರು ಇದನ್ನೆಲ್ಲ ಸಮಾಧಾನದಿಂದ ಹೇಳಿದರು. ಅಕ್ಕ, ಭಾವ, ಅತ್ತೆ, ದೊಡ್ಡಮ್ಮ, ನಾನು ಎಲ್ಲ ಕೂತಿದ್ದೆವು. ತಂದೆಯ ಕಡೆಯಿಂದ ಎಂಬ ಮಾತು ಬಂದಾಗ ಅತ್ತೆ ತಕ್ಷಣ ಅಂದರು: “ಹಾಗೆಲ್ಲ ಇರಲಿಕ್ಕಿಲ್ಲ. ಅದನ್ನು ಹ್ಯಾಗೆ ಹೇಳ್ತೀರಿ? ಪರೀಕ್ಷೆ ಮಾಡಿದ್ದೀರಾ?”

ಆ ಪ್ರಶ್ನೆ ನನಗೆ ಬಹಳ ಹಿಡಿಸಿತು. ವಿಜ್ಞಾನದಲ್ಲಿ ಕೇಳಬೇಕಾದ ಪ್ರಶ್ನೆಯೇ ಅದು. ನಾಲ್ಕು ತಿಂಗಳ ಹಿಂದೆ ಸೂಜಿಯ ಬಗ್ಗೆ ಅದನ್ನು ಯಾರೂ ಕೇಳಿರಲಿಲ್ಲ. ಹೆಂಡತಿಯ ತಪ್ಪಿಗೆ ಸಾಕ್ಷಿ ಬೇಕಿಲ್ಲ. ಗಂಡನ ಮೈಯಲ್ಲಿ ಒಂದು ಅಕ್ಷರ ಕೆಟ್ಟಿತು ಅಂದರೆ ಮಾತ್ರ ಪ್ರಯೋಗಾಲಯದ ವರದಿ ಬೇಕು. ಭಾವನನ್ನು ಕಟಕಟೆಗೆ ಹತ್ತಿಸುವ ಆಸೆ ನನಗಿಲ್ಲ. ಅವರ ತಪ್ಪೂ ಇದರಲ್ಲಿಲ್ಲ, ಯಾರ ತಪ್ಪೂ ಇಲ್ಲ. ಕೋಟ್ಯಂತರ ನಕಲು ಮಾಡುವಾಗ ಒಂದು ಅಕ್ಷರ ತಪ್ಪಿತು, ಅಷ್ಟೇ. ಆದರೆ ಯಾರದೂ ತಪ್ಪಿಲ್ಲ ಎಂಬ ಮಾತು ಅಕ್ಕನ ಕಿವಿಗೆ ಬೀಳಲು ಆ ಕಾಯಿಲೆಗೆ ಹೆಸರು ಸಿಗಬೇಕಾಯಿತು. ಹೆಸರು ಸಿಗುವ ತನಕ ತಪ್ಪು ಅವಳದಾಗಿತ್ತು.

ಅದಕ್ಕೇ ನನಗೆ ಒಂದು ವಾದ ಕೇಳಿದಾಗ ಸಿಟ್ಟು ಬರುತ್ತದೆ. ಸಾಹಿತ್ಯ ಓದಿದ ಗೆಳೆಯರು, ಒಳ್ಳೆಯ ಮನಸ್ಸಿನವರು, ಮಾಡುವ ವಾದ ಅದು. ಮಗುವಿಗೆ ಯಾಕೆ ಇಂಗ್ಲಿಷಿನ ಒಂದು ಲೇಬಲ್ ಅಂಟಿಸಬೇಕು? ನಮ್ಮ ಹಳ್ಳಿಗಳು ಎಲ್ಲರನ್ನೂ ಇದ್ದ ಹಾಗೆ ಒಪ್ಪಿಕೊಂಡಿದ್ದವಲ್ಲ, ಆಸ್ಪತ್ರೆ ಬಂದ ಮೇಲೆ ತಾನೇ ಇವರೆಲ್ಲ ರೋಗಿಗಳಾದದ್ದು? ಸಭೆಯಲ್ಲಿ ಕೇಳಲು ಚೆನ್ನಾಗಿರುತ್ತದೆ. ಆ ಒಪ್ಪಿಕೊಂಡ ಹಳ್ಳಿ ಯಾವುದು ಎಂದು ನನಗೆ ತೋರಿಸಿ. ನಾನು ಬೆಳೆದ ಹಳ್ಳಿ ಯಾರನ್ನೂ ಹೆಸರಿಡದೆ ಬಿಟ್ಟದ್ದಿಲ್ಲ. ಮೊಂಡ, ಕುಳ್ಳ, ಸೊಟ್ಟಬಾಯಿ ಎಂಬ ಹೆಸರುಗಳಲ್ಲೇ ಜನ ಹುಟ್ಟಿ ಸತ್ತಿದ್ದಾರೆ. ಅವರ ನಿಜವಾದ ಹೆಸರು ಓಟರ್ ಲಿಸ್ಟಿನಲ್ಲಿ ಮಾತ್ರ ಇರುತ್ತಿತ್ತು. ನಮ್ಮ ಪುಟ್ಟಿಗೂ ಒಂದು ಹೆಸರು ತಯಾರಾಗಿತ್ತು, ಅದನ್ನಿಲ್ಲಿ ಬರೆಯಲಾರೆ. ಪೇಪರಿನವರಿಗೆ ಗೊತ್ತಾಗಿದ್ದರೆ ‘ವಿಚಿತ್ರ ಶಿಶು ಜನನ’ ಎಂದು ಹಾಕುತ್ತಿದ್ದರು. ಹೆಸರಿಡುವುದು ಹಿಂಸೆ ಅನ್ನುವವರು ನೆನಪಿಡಬೇಕು, ವೈದ್ಯರು ಹೆಸರಿಡದಿದ್ದರೆ ಊರು ಇಡುತ್ತದೆ. ವೈದ್ಯರ ಹೆಸರಿನ ಹಿಂದೆ ಚಿಕಿತ್ಸೆಯ ಒಂದು ದಾರಿ ಇರುತ್ತದೆ. ಊರಿನ ಹೆಸರಿನ ಹಿಂದೆ ತಾಯಿಯೊಬ್ಬಳು ತಲೆ ತಗ್ಗಿಸಿ ನಿಂತಿರುತ್ತಾಳೆ.

ದೂಷಿಸುವ ಬದಲು ಪೂಜಿಸಿದರೆ ವಾಸಿಯೇ? 2008ರಲ್ಲಿ ದೆಹಲಿ ಹತ್ತಿರದ ಸೈನಿ ಎಂಬ ಹಳ್ಳಿಯಲ್ಲಿ ಎರಡು ಮುಖದ ಹೆಣ್ಣುಮಗು ಹುಟ್ಟಿತು. ಮುಖದ ರಚನೆ ಇಮ್ಮಡಿಯಾಗುವ, ತೀರಾ ಅಪರೂಪದ ಸ್ಥಿತಿ ಅದು. ಜನ ದೇವಿಯ ಅವತಾರವೆಂದು ಸಾಲುಗಟ್ಟಿ ಬಂದು ಕಾಣಿಕೆ ಹಾಕಿದರು. ಮಗು ಎರಡು ತಿಂಗಳಿಗೆ ತೀರಿಕೊಂಡಿತು. ಪೂಜಿಸುವವರೂ ಶಪಿಸುವವರೂ ಮಗುವಿನ ಕಡೆ ನೋಡುವುದಿಲ್ಲ. ಉಸಿರಾಡುತ್ತಿದೆಯೇ, ಹಾಲು ಇಳಿಯುತ್ತಿದೆಯೇ ಎಂದು ನೋಡುವವರು ಬೇರೆಯೇ ಬೇಕು. ದೂರದ ಮಾತು ಬಿಡಿ. ಅಕ್ಕ ಸೂಜಿ ಹಿಡಿದ ಅದೇ ಡಿಸೆಂಬರ್ 26ರ ಬೆಳಿಗ್ಗೆ ಕಲಬುರಗಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು, ಗ್ರಹಣದ ಹೊತ್ತಲ್ಲಿ ಹೂತರೆ ವಾಸಿಯಾಗುತ್ತದೆಂದು. ಅಳುವ ಮಕ್ಕಳ ಆ ಚಿತ್ರಗಳನ್ನು ಇಡೀ ರಾಜ್ಯ ನೋಡಿತು. ಕೆಲವೇ ದಿನಗಳಲ್ಲಿ, 2020ರ ಜನವರಿಯಲ್ಲಿ, ಅಮಾನವೀಯ ಆಚರಣೆಗಳನ್ನು ತಡೆಯುವ ಕಾನೂನು ಕರ್ನಾಟಕದಲ್ಲಿ ಜಾರಿಗೆ ಬಂತು. ಒಳ್ಳೆಯದೇ. ಮಣ್ಣಿನಲ್ಲಿ ಹೂತದ್ದು ಪೊಲೀಸರಿಗೆ ಕಾಣುತ್ತದೆ. ಅಡುಗೆಮನೆಯಲ್ಲಿ ಮಾತಿನಲ್ಲೇ ಹೂತದ್ದು ಕಾಣುವುದಿಲ್ಲ. ಆ ಹೂತ ಅಮ್ಮಂದಿರನ್ನು ಮೇಲೆತ್ತಲು ಇರುವ ಹಾರೆ ರೋಗನಿದಾನ ಒಂದೇ.

ನಮ್ಮ ಮಲೆನಾಡು ಈ ಪಾಠವನ್ನು ಒಂದು ಸಲ ಕಲಿತಿರಬೇಕಿತ್ತು. 1970ರ ದಶಕದ ನಡುವಿನಲ್ಲಿ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ದಲಿತ ಕುಟುಂಬಗಳ ಜನ ಸೊಂಟ, ಮಂಡಿ ಕುಸಿದು ನಡೆಯಲಾರದೆ ಹೋದದ್ದು ಬೆಳಕಿಗೆ ಬಂತು. ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಹಳ್ಳಿಗಳಲ್ಲಿ ಆ ಕಾಯಿಲೆ ಇತ್ತು. ಅದು ತಲೆಬುರುಡೆಯದಲ್ಲ, ಕೀಲು ಮತ್ತು ಬೆನ್ನುಮೂಳೆಯದು. ಆದರೆ ನಡೆದ ಕತೆ ಒಂದೇ. ಆಗ ಹರಡಿದ ಮಾತು, ಗದ್ದೆಯ ಏಡಿ ತಿಂದದ್ದಕ್ಕೆ ಹೀಗಾಯಿತು ಎಂದು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ಮೈಗೆ ಸೇರಿತೆಂಬ ಅನುಮಾನ ವಿಜ್ಞಾನಿಗಳಿಗೂ ಇತ್ತು, ಅನುಮಾನಿಸಿದ್ದು ತಪ್ಪಲ್ಲ. ಆದರೆ ಊರಿನ ಬಾಯಲ್ಲಿ ಅದು, ಬಡವರು ತಿನ್ನಬಾರದ್ದು ತಿಂದರು ಎಂದಾಯಿತು. 1977ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಅದಕ್ಕೆ ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂಬರ್ಥದ ಹೆಸರು ಬಂತು. ಎಕ್ಸ್‌ರೇಗಳನ್ನು ಕೂಲಂಕಷ ನೋಡಿ, ಇದು ಮೂಳೆಯ ಬೆಳವಣಿಗೆಯದೇ ಒಂದು ಹೊಸ ಬಗೆಯ ಆನುವಂಶಿಕ ಕಾಯಿಲೆ ಎಂದು ವಿವರಿಸುವ ಹೊತ್ತಿಗೆ 1990ರ ದಶಕ. ಅಷ್ಟರಲ್ಲಿ ಒಂದು ತಲೆಮಾರು ತೆವಳಿಕೊಂಡೇ ಬದುಕು ಮುಗಿಸಿತ್ತು. ಕಾಯಿಲೆಗೆ ಊರಿನ ಹೆಸರು ಅಂಟಿತು. ಊರಿಗೆ ಸಿಕ್ಕಿದ್ದು ಅಷ್ಟೇ.

ಇದೇ ಸೀಮೆಯ ಜನ ಗಿಡಗಳ ವಿಷಯದಲ್ಲಿ ಹೀಗಿಲ್ಲ ಎಂಬುದು ನನಗೆ ಒಗಟು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ಅರೇಬಿಕಾ ಗಿಡ ಸೊರಗಿದರೆ ನಮ್ಮ ಅಪ್ಪ ಕಾಂಡ ಸವರಿ ನೋಡುತ್ತಾರೆ, ಉಬ್ಬಿದ ಏಣು ಸಿಕ್ಕರೆ ಒಳಗೆ ಬಿಳಿ ಕಾಂಡಕೊರಕ ಇದೆ ಅನ್ನುತ್ತಾರೆ. ಎಲೆಯ ಅಡಿಯಲ್ಲಿ ಹಳದಿ ಹುಡಿ ಕಂಡರೆ ಎಲೆತುಕ್ಕು. ಗೊತ್ತಾಗದಿದ್ದರೆ ಎಲೆಯನ್ನು ಕವರಿಗೆ ಹಾಕಿಕೊಂಡು ಬಾಳೆಹೊನ್ನೂರಿಗೆ ಹೋಗುತ್ತಾರೆ. ಅಡಿಕೆಗೆ ಎಲೆಚುಕ್ಕಿ ರೋಗ ಬಂದಾಗ ಕಳಸದ ತೋಟಗಳಿಗೆ ವಿಜ್ಞಾನಿಗಳು ಬರಲಿಲ್ಲವೆಂದು ರಸ್ತೆಗಿಳಿದು ಕೂಗಿದವರು ನಾವೇ. ಗಿಡ ನೆಟ್ಟವಳು ಗ್ರಹಣದಲ್ಲಿ ಏನು ಮಾಡಿದಳು ಎಂದು ಯಾವ ಬೆಳೆಗಾರನೂ ಕೇಳಿದ್ದಿಲ್ಲ. ಮೂಡಿಗೆರೆಯಲ್ಲಿ ಕೂತು ತೇಜಸ್ವಿ ‘ಕರ್ವಾಲೊ’ ಬರೆದದ್ದರಿಂದ ಹಾರುವ ಓತಿಯನ್ನು ಬೆರಗಿನಿಂದ ನೋಡುವುದನ್ನು ನಾವು ಕಲಿತೆವು. ಹುಟ್ಟಿದ ಕೂಸನ್ನು ಹಾಗೆ ನೋಡಲು ಮಾತ್ರ ಇನ್ನೂ ಕಲಿಯಬೇಕಿದೆ.

ಸರ್ಕಾರದ ಕಾಗದದಲ್ಲಿ ಕೊರತೆಯೇನಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಹೆರಿಗೆಯಾದ ಜಾಗದಲ್ಲೇ ಮಗುವಿನ ಹುಟ್ಟು ನ್ಯೂನತೆ ನೋಡಬೇಕು. ಸೀಳುತುಟಿ, ಸೊಟ್ಟಪಾದ, ಡೌನ್ ಸಿಂಡ್ರೋಮ್ ಸೇರಿ ಹಲವು ಸ್ಥಿತಿಗಳ ಪಟ್ಟಿಯಿದೆ. ಎಪರ್ಟ್‌ನಂಥವು ಆ ಪಟ್ಟಿಯಲ್ಲಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ, ಒಟ್ಟು ಆರು ಸಲ ಮನೆಗೆ ಬರಬೇಕು. ನಮ್ಮ ಮನೆಗೂ ಬಂದರು, ಮಳೆಯಲ್ಲಿ ನೆನೆದುಕೊಂಡೇ. ತೂಕ ನೋಡಿದರು, ಜ್ವರ ನೋಡಿದರು, ಬರೆದುಕೊಂಡರು. ಬೆರಳುಗಳಿಗೆ ಅವರ ಪುಸ್ತಕದಲ್ಲಿ ಕಾಲಂ ಇರಲಿಲ್ಲ. 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂತು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ಅದರಡಿ ಒಂದು ಕೇಂದ್ರವಾಗಿವೆ. ಧಾರವಾಡದ ಎಸ್‌ಡಿಎಂನಲ್ಲಿ ತಲೆಬುರುಡೆ, ಮುಖದ ಶಸ್ತ್ರಚಿಕಿತ್ಸೆಗೇ ಒಂದು ಘಟಕವಿದೆ. ತಿಳಿದವರು ರಾಜ್ಯದಲ್ಲೇ ಇದ್ದಾರೆ. ಕಳಸದ ಬಾಣಂತಿ ಕೋಣೆಗೂ ಅವರಿಗೂ ನಡುವಿನ ದಾರಿಯಲ್ಲಿ ಒಂದು ಫೋಟೋ ಪ್ರಯಾಣ ಮಾಡಿದ್ದರೂ ಸಾಕಿತ್ತು.

ಹೊತ್ತು ಇಲ್ಲಿ ದೊಡ್ಡ ವಿಷಯ. ಬುರುಡೆಯ ಮೊದಲ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಮೊದಲ ವರ್ಷದೊಳಗೆ ಮಾಡುತ್ತಾರೆ, ಬೆಳೆಯುವ ಮಿದುಳಿಗೆ ಜಾಗ ಸಿಗಬೇಕಲ್ಲ. ಬೆರಳು ಬಿಡಿಸುವುದನ್ನೂ ಬೇಗ ಶುರು ಮಾಡಬೇಕು, ಮಗು ಹಿಡಿಯಲು ಕಲಿಯುವ ಕಾಲಕ್ಕೆ ಹೆಬ್ಬೆರಳು ಬೇಕು. ಉಸಿರು, ಕಣ್ಣು, ಕಿವಿ ಮೊದಲ ವಾರದಿಂದಲೇ ನೋಡಬೇಕು. ದಾರ ಕಟ್ಟಿಸುತ್ತ ನಾವು ಕಳೆದ ನಾಲ್ಕು ತಿಂಗಳು ಆ ಮೊದಲ ವರ್ಷದ ಮೂರನೇ ಒಂದು ಭಾಗ.

ಹಾಗಾದರೆ ಏನು ಮಾಡಬೇಕು ಎಂದು ಕೇಳುತ್ತೀರಿ. ದೊಡ್ಡ ಯಂತ್ರವೇನೂ ಬೇಡ. ಪ್ರತಿ ಹೆರಿಗೆ ಕೋಣೆಯಲ್ಲಿ ಮಗುವಿನ ತಲೆ ಸವರಿ, ಬಾಯಿ ತೆರೆದು, ಬೆರಳು ಎಣಿಸಿ ನೋಡಬೇಕು. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ, ‘ಮುಖ, ತಲೆ, ಕೈಕಾಲು ಬೇರೆ ರೀತಿ ಕಂಡಿದೆಯೇ?’ ಎಂಬ ಒಂದು ಸಾಲು, ಹೌದು ಅಂದರೆ ತಾಯಿಯನ್ನು ಕೇಳಿ ಫೋಟೋ ಕಳಿಸಲು ಒಂದು ನಂಬರ್. ಬಿಡುಗಡೆ ಚೀಟಿಯ ಜೊತೆ ಕನ್ನಡದಲ್ಲಿ ಒಂದು ಪುಟ: ಏನು ಕಂಡಿದೆ, ಎಲ್ಲಿಗೆ, ಎಷ್ಟು ದಿನದೊಳಗೆ ಹೋಗಬೇಕು, ಯಾವ ಲಕ್ಷಣ ಕಂಡರೆ ಅದೇ ರಾತ್ರಿ ಹೊರಡಬೇಕು. ಅದರ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, ‘ಇದು ತಾಯಿ ಮಾಡಿದ ಯಾವುದರಿಂದಲೂ ಆದದ್ದಲ್ಲ.’ ಕಾಯಿಲೆಯ ಹೆಸರು ಇನ್ನೂ ಖಚಿತವಾಗದಿದ್ದರೂ, ಬಸುರಿಯೊಬ್ಬಳು ಗ್ರಹಣದಲ್ಲಿ ಸೂಜಿ ಹಿಡಿದದ್ದರಿಂದ ಬೆರಳು ಕೂಡುವುದಿಲ್ಲ ಎಂದು ಯಾವ ವೈದ್ಯರೂ ಮೊದಲ ದಿನವೇ ಹೇಳಬಹುದು. ಅದನ್ನು ಅವಳೊಬ್ಬಳ ಕಿವಿಯಲ್ಲಿ ಹೇಳಿದರೆ ಸಾಲದು. ಗಂಡನನ್ನು, ಅತ್ತೆಯನ್ನು ಕೂರಿಸಿಕೊಂಡು ಹೇಳಬೇಕು. ನಮ್ಮಂಥ ಸಂಶೋಧಕರಿಗೂ ಒಂದು ಮಾತು: ಹಂದಿಗೋಡಿನ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಪ್ರಬಂಧಗಳನ್ನು ನಾನು ಓದಿದ್ದೇನೆ. ಆ ಮನೆಗಳ ಜನ ಓದಬಹುದಾದ ಕನ್ನಡದ ಒಂದು ಪುಟವನ್ನು ನಾವು ಬರೆಯದೆ ಮೂಢನಂಬಿಕೆಯ ಮೇಲೆ ಭಾಷಣ ಮಾಡುವ ಹಕ್ಕು ನಮಗಿಲ್ಲ.

ಅತ್ತೆಯ ಬಗ್ಗೆಯೂ ನ್ಯಾಯವಾಗಿ ಹೇಳಬೇಕು. ಅವರು ಕೆಟ್ಟವರಲ್ಲ. ಮೊಮ್ಮಗಳಿಗೆ ಏಕೆ ಹೀಗಾಯಿತು ಎಂಬ ಪ್ರಶ್ನೆ ಅವರನ್ನೂ ಸುಡುತ್ತಿತ್ತು, ಕೈಗೆ ಸಿಕ್ಕ ಉತ್ತರ ಹಿಡಿದುಕೊಂಡರು. ವರದಿ ಬಂದ ಮೇಲೆ ಅವರು ಕ್ಷಮೆ ಕೇಳಲಿಲ್ಲ, ಅದು ಅವರ ಕಾಲದವರ ರೂಢಿಯಲ್ಲ. ಮಗುವಿನ ಹತ್ತನೇ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಾದಾಗ ಅವರೇ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಕೂತರು. ಬೆರಳಿನ ಕಟ್ಟು ಬಿಚ್ಚಿದ ದಿನ ಒಂದೊಂದೇ ಬೆರಳು ಮುಟ್ಟಿ ಎಣಿಸಿದರು. ಲೈನು ಮನೆಯ ಅಜ್ಜಿಯ ಹತ್ತಿರ ದೊಡ್ಡಮ್ಮ ಹೋಗಿ, ನೀನು ಹೇಳಿದ್ದೇ ಸರಿ ಇತ್ತು ಎಂದು ಹೇಳಿ ಬಂದಳು. ಅದೂ ತಡವಾಗಿ.

ಪುಟ್ಟಿ ಈಗ ಶಾಲೆಗೆ ಹೋಗುತ್ತಾಳೆ. ಇನ್ನೂ ಶಸ್ತ್ರಚಿಕಿತ್ಸೆಗಳಿವೆ, ಮುಖದ್ದು ದೊಡ್ಡವಳಾದ ಮೇಲೆ. ಪೆನ್ಸಿಲನ್ನು ಅವಳದೇ ರೀತಿಯಲ್ಲಿ ಹಿಡಿಯುತ್ತಾಳೆ, ಅಕ್ಷರ ನನ್ನದಕ್ಕಿಂತ ದುಂಡಗೆ. ಅಕ್ಕನನ್ನು ಈಗ ಯಾರೂ ಏನೂ ಅನ್ನುವುದಿಲ್ಲ. ಆದರೆ ಅವಳು ಸೂಜಿ ಮುಟ್ಟುವುದನ್ನು ಬಿಟ್ಟಿದ್ದಾಳೆ. ಗುಂಡಿ ಕಿತ್ತುಹೋದರೆ ಮೂಡಿಗೆರೆಯ ಟೈಲರಿಗೆ ಕೊಡುತ್ತಾಳೆ. ಜೀನ್ ವರದಿ ಅವಳಿಗೆ ಅರ್ಥವಾಗಿದೆ, ನನಗಿಂತ ಚೆನ್ನಾಗಿ ಬೇರೆಯವರಿಗೆ ವಿವರಿಸುತ್ತಾಳೆ. ಆ ನಾಲ್ಕು ತಿಂಗಳು ಮಾತ್ರ ಅವಳ ಕೈಯಿಂದ ಹೋಗಿಲ್ಲ.

2027ರ ಆಗಸ್ಟ್ 2ರಂದು ಇನ್ನೊಂದು ಸೂರ್ಯಗ್ರಹಣವಿದೆ. ನಮ್ಮಲ್ಲಿ ಭಾಗಶಃ ಕಾಣುತ್ತದೆ. ವಾರದ ಮುಂಚೆಯೇ ಟಿವಿಯಲ್ಲಿ ಗರ್ಭಿಣಿಯರು ಏನು ಮಾಡಬಾರದು ಎಂಬ ಪಟ್ಟಿ ಓಡಲು ಶುರುವಾಗುತ್ತದೆ. ನಿಮ್ಮ ಮನೆಯಲ್ಲಿ ಅವತ್ತು ಬಸುರಿ ಹೆಣ್ಣುಮಗಳಿದ್ದರೆ ಅವಳ ಕೈಯಿಂದ ಸೂಜಿ ಕಸಿದುಕೊಳ್ಳಲು ಹೋಗಬೇಡಿ. ಅದರ ಬದಲು ಆಶಾ ಕಾರ್ಯಕರ್ತೆಯ ನಂಬರನ್ನು ಗೋಡೆಯ ಮೇಲೆ ಬರೆದಿಡಿ. ಮಗು ಹುಟ್ಟಿದ ದಿನ, ತಲೆ ಮುಟ್ಟಿ ನೋಡಿದ್ದೀರಾ, ಅಂಗುಳ ನೋಡಿದ್ದೀರಾ ಎಂದು ವೈದ್ಯರನ್ನು ಕೇಳಿ. ಏನಾದರೂ ಬೇರೆ ಕಂಡರೆ, ಇದಕ್ಕೆ ಹೆಸರೇನು ಎಂದು ಕೇಳಿ. ಉತ್ತರ ಸಿಗುವ ತನಕ ಆ ಬಾಗಿಲಿನಿಂದ ಕದಲಬೇಡಿ.